ಪುನಾಖಾ ದಾರಿಯಲ್ಲಿ ಕೇಳಿದ ರಾಜನ ಮನೆ ಕಥೆ

ಭೂತಾನಿಗೆ ಹೋಗಿ ಬಂದವರೆಲ್ಲ ಪಾರೋದ ಬಂಡೆ ಮೇಲಿನ ಬೌದ್ಧ ಮಠ ಟೈಗರ್ಸ್ ನೆಸ್ಟ್ ಬಗ್ಗೆ ಬರೆಯುತ್ತಾರೆ. ಅದು ಚೆನ್ನಾಗಿಯೇ ಇದೆ. ನನ್ನ ಮನಸ್ಸು ಮಾತ್ರ ಅಲ್ಲಿನ ರಾಜನ ಸಂಸಾರದ ಕಡೆಗೇ ಹೋಗುತ್ತಿತ್ತು.

ಪಶ್ಚಿಮ ಬಂಗಾಳದ ಜೈಗಾಂವ್ ಬಿಟ್ಟು ಗಡಿ ದಾಟಿ ಭೂತಾನಿನ ಫುಂಟ್‌ಶೋಲಿಂಗ್‌ಗೆ ಕಾಲಿಟ್ಟರೆ ಸಾಕು, ಫೋಟೋಗಳು ಶುರು. ಹೋಟೆಲು, ದಿನಸಿ ಅಂಗಡಿ, ಬ್ಯಾಂಕು, ಎಲ್ಲಿ ನೋಡಿದರೂ ರಾಜ, ರಾಣಿ, ಮಕ್ಕಳು. ನಮ್ಮ ಗೈಡ್ ಚುರುಕು ಹುಡುಗ, ಹಿಂದಿಯಲ್ಲಿ ಮಾತಾಡುತ್ತಿದ್ದ. ನಾಲ್ಕನೇ ರಾಜನಿಗೆ ಅವನು ಹೇಳುತ್ತಿದ್ದದ್ದು ಕೆ ಫೋರ್, ಈಗಿನ ರಾಜನಿಗೆ ಕೆ ಫೈವ್. ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ಪ್ರೀತಿಯಿಂದ.

ರಾಜಧಾನಿ ಥಿಂಫುವಿನಿಂದ ಹಳೇ ರಾಜಧಾನಿ ಪುನಾಖಾಕ್ಕೆ ಹೋಗುವಾಗ ದೋಚುಲಾ ಕಣಿವೆ ಸಿಗುತ್ತದೆ, ಸುಮಾರು 3100 ಮೀಟರ್ ಎತ್ತರ. ಮಂಜಿನ ನಡುವೆ 108 ಪುಟ್ಟ ಸ್ತೂಪಗಳು. ಎಲ್ಲರೂ ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ, ನಾವು ಮಾತ್ರ ಚಹಾ ಕುಡಿಯುತ್ತಾ ಕುಳಿತೆವು, ಆಗ ಗೈಡ್ ಕಥೆ ಹೇಳಿದ. 2003ರ ಡಿಸೆಂಬರ್‌ನಲ್ಲಿ ದಕ್ಷಿಣದ ಕಾಡುಗಳಲ್ಲಿ ಬೀಡುಬಿಟ್ಟಿದ್ದ ಅಸ್ಸಾಮಿನ ಉಲ್ಫಾ ಮುಂತಾದ ಬಂಡುಕೋರರನ್ನು ಓಡಿಸಲು ಕೆ ಫೋರ್ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ತಾನೇ ಸೈನಿಕರ ಜೊತೆ ಹೋದರು. ಆ ಕಾರ್ಯಾಚರಣೆಯ ನೆನಪಿಗೆ ಹಿರಿಯ ರಾಣಿ ದೋರ್ಜಿ ವಾಂಗ್ಮೊ ಕಟ್ಟಿಸಿದ್ದು ಈ ಸ್ತೂಪಗಳು. ಹಿರಿಯ ರಾಣಿ ಅಂದರೆ, ಆತನಿಗೆ ನಾಲ್ವರು ರಾಣಿಯರು, ನಾಲ್ವರೂ ಒಡಹುಟ್ಟಿದವರು! 1988ರಲ್ಲಿ ಎಲ್ಲರ ಮುಂದೆ ಮದುವೆ ನಡೆಯಿತು. ಹತ್ತು ಮಕ್ಕಳು.

1972ರಲ್ಲಿ ತಂದೆ ನೈರೋಬಿಯಲ್ಲಿ ತೀರಿಕೊಂಡಾಗ ಈ ಕೆ ಫೋರ್‌ಗೆ ಬರೀ 16 ವರ್ಷ. ಅಷ್ಟು ಸಣ್ಣ ವಯಸ್ಸಿನಲ್ಲಿ ಕೈಗೆ ಬಂದ ಅಧಿಕಾರವನ್ನು ಯಾರೂ ಕೇಳದೇ ಇದ್ದರೂ ಬಿಟ್ಟುಕೊಟ್ಟವರು ಇವರು. ಚುನಾವಣೆ ಬೇಡ, ನೀವೇ ಇರಿ ಎಂದು ಜನ ಹೇಳಿದರೂ ಸಂವಿಧಾನ ಬರೆಸಿದರು. 2006ರಲ್ಲಿ, 51ನೇ ವಯಸ್ಸಿಗೇ, ಮಗನಿಗೆ ಪಟ್ಟ ವಹಿಸಿ ಪಕ್ಕಕ್ಕೆ ಸರಿದರು. ಕುರ್ಚಿಯನ್ನು ಹೀಗೆ ಬಿಟ್ಟವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಆದರೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದೇ ರಾಜನ ಕಾಲದಲ್ಲಿ, 1990ರ ಆಸುಪಾಸಿನಲ್ಲಿ, ದಕ್ಷಿಣದ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ದೇಶ ಬಿಡಬೇಕಾಯಿತು. ನೇಪಾಳದ ಶಿಬಿರಗಳಲ್ಲಿ ವರ್ಷಾನುಗಟ್ಟಲೆ ಕಳೆದು, ಬಹಳ ಮಂದಿ ಆಮೇಲೆ ಅಮೆರಿಕಕ್ಕೆ ಹೋದರು. ಗೈಡ್ ಈ ವಿಷಯ ಎತ್ತಲಿಲ್ಲ. ನಾನು ಕೇಳಿದಾಗಲೂ ಮಾತು ಬೆಳೆಸಲಿಲ್ಲ. ಅವರು ಬಿಟ್ಟುಹೋದ ಮನೆಗಳ ಗೋಡೆಯ ಮೇಲೂ ಒಂದು ಕಾಲಕ್ಕೆ ಇದೇ ರಾಜನ ಫೋಟೋ ಇದ್ದಿರಬಹುದು ಅಲ್ವಾ ಎನಿಸಿ ಬೇಸರವಾಯಿತು.

ಪುನಾಖಾ ಜೋಂಗ್, ಅಂದರೆ ಮಠವೂ ಇರುವ ಕೋಟೆ, ನಿಂತಿರುವುದು ಫೋ ಛು, ಮೋ ಛು ನದಿಗಳು ಸೇರುವ ಜಾಗದಲ್ಲಿ. 1907ರಲ್ಲಿ ಮೊದಲ ರಾಜ ಉಗ್ಯೆನ್ ವಾಂಗ್‌ಚುಕ್ ಪಟ್ಟಕ್ಕೇರಿದ್ದು ಇಲ್ಲೇ. ಕೆ ಫೈವ್, ಅಂದರೆ ಜಿಗ್ಮೆ ಖೇಸರ್, ಜೆಟ್ಸುನ್ ಪೆಮಾರನ್ನು ಮದುವೆಯಾದದ್ದೂ ಇಲ್ಲೇ, 2011ರ ಅಕ್ಟೋಬರ್ 13ರಂದು. ಆಕೆ ಪೈಲಟ್ ಒಬ್ಬರ ಮಗಳು, ನಮ್ಮ ಹಿಮಾಚಲದ ಸನಾವರ್ ಶಾಲೆಯಲ್ಲಿ ಓದಿದವರು, ಆಗ 21 ವರ್ಷ. ಈಗ ಮೂರು ಮಕ್ಕಳು. 2016ರಲ್ಲಿ ದೊಡ್ಡ ಮಗ ಹುಟ್ಟಿದ ಖುಷಿಗೆ ಜನ ಸೇರಿ 1,08,000 ಸಸಿ ನೆಟ್ಟರು.

ಕೋವಿಡ್ ಹೊತ್ತಿನಲ್ಲಿ ಈ ರಾಜ ಗಡಿ ಕಾಯುವವರನ್ನು ನೋಡಲು ಕಾಡುಮೇಡು ನಡೆದು ಹೋದರು, ವಾಪಸ್ ಬಂದಾಗಲೆಲ್ಲ ಉಳಿದವರ ಹಾಗೆ ಕ್ವಾರಂಟೈನ್‌ನಲ್ಲಿ ಕುಳಿತರು. ಕಷ್ಟದಲ್ಲಿ ಇರುವವರು, ಭೂಮಿ ಇಲ್ಲದವರು ನೇರವಾಗಿ ರಾಜನಿಗೇ ಅರ್ಜಿ ಹಾಕಬಹುದು, ಅದಕ್ಕೆ ಕಿದು ಎನ್ನುತ್ತಾರೆ. ಗೈಡ್‌ನ ದೊಡ್ಡಮ್ಮನಿಗೆ ಹೀಗೆ ಜಮೀನು ಸಿಕ್ಕಿದೆಯಂತೆ. ಫೋಟೋ ಯಾಕೆ ಹಾಕುತ್ತಾರೆ ಎಂದು ಆಮೇಲೆ ನಾನು ಕೇಳಲಿಲ್ಲ.

ಜೋಂಗ್ ಒಳಗೆ ಮಾಛೆನ್ ಗುಡಿ ಇದೆ, ದೇಶವನ್ನು ಒಗ್ಗೂಡಿಸಿದ ಬೌದ್ಧ ಗುರು ಝಬ್ದ್ರುಂಗ್ ಅವರ ದೇಹವನ್ನು ಅಲ್ಲಿ ಇಟ್ಟಿದ್ದಾರೆ. ನಮ್ಮಂಥವರಿಗೆ ಒಳಗೆ ಬಿಡುವುದಿಲ್ಲ. ಹೊಸ ರಾಜ ಪಟ್ಟದ ಗುರುತಾದ ಐದು ಬಣ್ಣದ ಶಲ್ಯ ಪಡೆಯುವುದು ಅದರೊಳಗೆ. 65 ತುಂಬಿದರೆ ರಾಜ ಇಳಿಯಲೇಬೇಕು ಎಂದು ಸಂವಿಧಾನದಲ್ಲೇ ಬರೆದಿದೆ. ಗೈಡ್ ಲೆಕ್ಕ ಹಾಕಿಯೇ ಇಟ್ಟಿದ್ದ. 2045ಕ್ಕೆ ಕೆ ಫೈವ್‌ಗೆ 65, ಆಗ ದೊಡ್ಡ ಮಗನಿಗೆ 29. "ಆ ವರ್ಷ ಪುನಾಖಾದಲ್ಲಿ ರೂಮು ಸಿಗುವುದಿಲ್ಲ ಸರ್, ಮೊದಲೇ ಹೇಳಿ" ಎಂದ.