ನಾನೇ ಬರೆದದ್ದಲ್ವಾ ಮಾರಾಯ?

"ನಾನೇ ಬರೆದದ್ದಲ್ವಾ ಮಾರಾಯ? ನನ್ನನ್ನೇ ನಂಬುದಿಲ್ಲ ಅಂದ್ರೆ ಎಂತ ಅರ್ಥ?"

ಈ ವಾರ ಪೂರ್ತಿ ಕಿವಿಯಲ್ಲಿ ಇದೊಂದೇ ಮಾತು. ಹೇಳಿದ್ದು ನಮ್ಮ ಪಿಯುಸಿಯ ಫಿಸಿಕ್ಸ್ ಸರ್. ರಿಟೈರ್ ಆಗಿ ಈಗ ಉಡುಪಿಯ ಇಂದ್ರಾಳಿಯಲ್ಲಿದ್ದಾರೆ. ಅಲೆಗಳ ಪಾಠಕ್ಕೆ ಅಂತ ಇಪ್ಪತ್ತು ವರ್ಷಕ್ಕೂ ಹಿಂದೆ, ಯಾರೂ ಹೇಳಿಕೊಡದೆ, ರಾತ್ರಿ ಕೂತು ಜಾವಾ ಅನ್ನುವ ಕಂಪ್ಯೂಟರ್ ಭಾಷೆ ಕಲಿತು ಒಂದು ಆಪ್ಲೆಟ್, ಅಂದರೆ ಬ್ರೌಸರ್ ಪುಟದೊಳಗೆ ಓಡುವ ಸಣ್ಣ ಪ್ರೋಗ್ರಾಂ, ಬರೆದಿದ್ದರು. ಪರದೆ ಮೇಲೆ ಎರಡು ಚುಕ್ಕೆ, ಎರಡರಿಂದಲೂ ಉಂಗುರ ಉಂಗುರವಾಗಿ ಅಲೆ. ಮೌಸ್‌ನಲ್ಲಿ ಚುಕ್ಕೆಗಳನ್ನು ಹತ್ತಿರ ಎಳೆದರೆ ನಡುವಿನ ಕಪ್ಪು ಪಟ್ಟಿಗಳು ಅಗಲವಾಗುತ್ತವೆ, ದೂರ ಮಾಡಿದರೆ ಒತ್ತೊತ್ತಾಗುತ್ತವೆ. ಅಲೆಗೆ ಅಲೆ ಕೂಡಿ ಆಗುವ ವ್ಯತಿಕರಣ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಅಲ್ಲೇ, ಪುಸ್ತಕದಲ್ಲಲ್ಲ.

ಈಗ ಸಂಜೆ ಅಕ್ಕಪಕ್ಕದ ಮಕ್ಕಳು ಪಾಠಕ್ಕೆ ಬರುತ್ತಾರೆ. ಅವರಿಗೆ ತೋರಿಸಬೇಕಿತ್ತು. ಹಳೆ ಕಂಪ್ಯೂಟರ್ ಕೈಕೊಟ್ಟಿತ್ತು, ಅಳಿಯ ತನ್ನ ವಿಂಡೋಸ್ 7 ಯಂತ್ರ ತಂದಿಟ್ಟು ಫೋಲ್ಡರ್ ಅದಕ್ಕೆ ಹಾಕಿಕೊಟ್ಟಿದ್ದ. ಓಡಲಿಲ್ಲ. "ಆಪ್ಲೆಟ್ ಎಲ್ಲ ಸತ್ತುಹೋಗಿದೆ ಮಾವ, ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೋ ಉಂಟು" ಅಂದನಂತೆ. ಒಳ್ಳೆ ಹುಡುಗ, ಆದರೆ ಈ ಮಾತು ನನಗೆ ಸರಿ ಕಾಣಲಿಲ್ಲ. ವಿಡಿಯೋದಲ್ಲಿ ಚುಕ್ಕೆ ಎಳೆಯಲು ಆಗುತ್ತದಾ? ಮಕ್ಕಳು ಕಲಿಯುವುದೇ ಆ ಎಳೆಯುವುದರಲ್ಲಿ.

ಸತ್ತದ್ದು ನಿಜ ಬಿಡಿ. ಆಪ್ಲೆಟ್‌ಗೆ ಬೇಕಾದ ಪ್ಲಗಿನ್ ವ್ಯವಸ್ಥೆಯನ್ನು ಕ್ರೋಮ್ 2015ರಲ್ಲೇ ತೆಗೆಯಿತು, ಫೈರ್‌ಫಾಕ್ಸ್ 2017ರಲ್ಲಿ. ಆ ಯಂತ್ರಕ್ಕೆ ನೆಟ್ ಇರಲಿಲ್ಲ, ಆಪ್ಲೆಟ್ ಓಡಿಸಬಲ್ಲ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮತ್ತು ಜಾವಾ 8 ಹಾಗೇ ಇದ್ದವು. ಅದಕ್ಕೇ ಧೈರ್ಯ ಮಾಡಿದೆ.

ತೆರೆದ ತಕ್ಷಣ ಬಂದದ್ದು ತಡೆ. ಸೆಕ್ಯುರಿಟಿ ಸೆಟ್ಟಿಂಗ್ ಪ್ರಕಾರ ಈ ಲೋಕಲ್ ಅಪ್ಲಿಕೇಶನ್ ಓಡಿಸುವುದಿಲ್ಲ ಅಂತ. ಸರ್ ಕನ್ನಡಕ ಸರಿಮಾಡಿಕೊಂಡು ಆ ಇಂಗ್ಲಿಷ್ ಸಾಲನ್ನು ಗಟ್ಟಿಯಾಗಿ ಓದಿದರು. ಆಮೇಲೆ ಆ ಮಾತು ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಜಾವಾ ಕಂಟ್ರೋಲ್ ಪ್ಯಾನಲ್‌ಗೆ ಹೋಗಿ, ವಿನಾಯಿತಿ ಕೊಡುವ ಸೈಟ್ ಪಟ್ಟಿಯಲ್ಲಿ ಫೈಲ್ ವಿಳಾಸ ಸೇರಿಸಿದೆ. ಈಗ ಇನ್ನೊಂದು ಕಿಟಕಿ. ಅಪಾಯ ನನಗೆ ಒಪ್ಪಿಗೆ ಅಂತ ಟಿಕ್ ಮಾಡಬೇಕು. ಅದರ ಮೇಲೆ ಪಬ್ಲಿಷರ್ ಅನ್ನುವಲ್ಲಿ ದಪ್ಪಕ್ಷರದಲ್ಲಿ 'ಅನ್‌ನೋನ್'.

ಬರೆದವರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

ಟಿಕ್ ಮಾಡಿದರೂ ಬೂದು ಚೌಕ. ಜಾವಾ ತನ್ನ ದೋಷ ತೋರಿಸುವ ಕಿಟಕಿ, ಅಂದರೆ ಕನ್ಸೋಲ್‌ನಲ್ಲಿ, ಕ್ಲಾಸ್ ನಾಟ್ ಫೌಂಡ್. ಪ್ರೋಗ್ರಾಂನ ಫೈಲ್ ಸಿಕ್ಕಲಿಲ್ಲ ಅಂತ. ಕನ್ಸೋಲ್‌ನಲ್ಲಿ 5 ಒತ್ತಿದರೆ ಅದು ಏನೇನು ಹುಡುಕುತ್ತಿದೆ ಅಂತ ಜಾಸ್ತಿ ವಿವರ ಬರುತ್ತದೆ. ನೋಡಿದರೆ 'ಅಲೆ' ಫೋಲ್ಡರ್‌ನ ಒಳಗೆ ಮತ್ತೊಂದು 'ಅಲೆ' ಹುಡುಕುತ್ತಿದೆ! ಕೋಡನ್ನು ಗುಂಪು ಮಾಡಿಡುವ ಪ್ಯಾಕೇಜ್‌ನ ಹೆಸರೂ ಅಲೆ, ಕ್ಲಾಸ್ ಇರಬೇಕಾದ್ದು ಆ ಹೆಸರಿನ ಫೋಲ್ಡರ್‌ನಲ್ಲಿ, ಆಪ್ಲೆಟ್ ತೋರಿಸುವ ವೆಬ್ ಪುಟ ಇರಬೇಕಾದ್ದು ಅದರ ಹೊರಗೆ. ಅಳಿಯ ಎಲ್ಲ ಒಟ್ಟಿಗಿರಲಿ ಅಂತ ಪುಟವನ್ನೂ ಒಳಗೆ ಹಾಕಿದ್ದ. ಇಂಥ ಹೊತ್ತಿನಲ್ಲಿ ಎಷ್ಟೋ ಜನ ಪುಟದಲ್ಲಿ ಆಪ್ಲೆಟ್ ಕರೆಯುವ ಟ್ಯಾಗ್‌ನಿಂದ ಪ್ಯಾಕೇಜ್ ಹೆಸರನ್ನೇ ಕಿತ್ತುಹಾಕುತ್ತಾರೆ, ಆಗ 'ರಾಂಗ್ ನೇಮ್' ಅಂತ ಇನ್ನೊಂದು ದೋಷ ಶುರು. ಪುಟವನ್ನು ಒಂದು ಮೆಟ್ಟಿಲು ಮೇಲಕ್ಕೆ ತಂದೆ. ಅಷ್ಟೇ. ಅಲೆ ಬಂತು. ಸರ್ ನನ್ನ ಕೈಯಿಂದ ಮೌಸ್ ತಗೊಂಡು ಚುಕ್ಕೆ ಎಳೆದರು, ಮಾತಿಲ್ಲ.

ಆದರೆ ಅಳತೆ ಉಳಿಸುವ ಬಟನ್ ಒತ್ತಿದಾಗ ಆಕ್ಸೆಸ್ ಡಿನೈಡ್. ಡಿ ಡ್ರೈವ್‌ನಲ್ಲಿ ಫೈಲ್ ಬರೆಯಲು ಅನುಮತಿ ಇಲ್ಲ. ವಿನಾಯಿತಿ ಪಟ್ಟಿ ಓಡಲು ಬಿಡುತ್ತದೆ, ಸ್ಯಾಂಡ್‌ಬಾಕ್ಸ್, ಅಂದರೆ ಆಪ್ಲೆಟ್ ಡಿಸ್ಕ್ ಮುಟ್ಟದ ಹಾಗೆ ಹಾಕಿದ ಬೇಲಿ, ದಾಟಲು ಬಿಡುವುದಿಲ್ಲ. "ಮೊದಲು ಆಗ್ತಿತ್ತಲ್ಲ?" ಅಂದರು ಸರ್. ಆಗುತ್ತಿತ್ತು, ಯಾಕೆಂದರೆ ಅವರೇ ಹಿಂದೆ ತಮ್ಮ ಯೂಸರ್ ಫೋಲ್ಡರ್‌ನಲ್ಲಿ ಯಾವ ಕೋಡ್‌ಗೆ ಏನು ಅನುಮತಿ ಅಂತ ಜಾವಾಕ್ಕೆ ಹೇಳುವ, ಚುಕ್ಕೆಯಿಂದ ಶುರುವಾಗುವ ಡಾಟ್ ಜಾವಾ ಡಾಟ್ ಪಾಲಿಸಿ ಫೈಲ್ ಬರೆದಿಟ್ಟಿದ್ದರು. ಅದು ಆಪ್ಲೆಟ್ ಫೋಲ್ಡರ್‌ನಲ್ಲಿ ಇರುವುದಲ್ಲ, ಹಾಗಾಗಿ ಹೊಸ ಯಂತ್ರಕ್ಕೆ ಬರಲೇ ಇಲ್ಲ. ಹೊಸದಾಗಿ ಬರೆದೆ. ಆ ಒಂದು ಫೋಲ್ಡರ್‌ನ ಕೋಡ್‌ಗೆ, ಆ ಒಂದು ಫೈಲ್‌ಗೆ ಮಾತ್ರ ಅನುಮತಿ. ವಿಳಾಸದ ಕೊನೆಗೆ ನಕ್ಷತ್ರ ಹಾಕಿದರೆ ಆ ಫೋಲ್ಡರ್ ಮಾತ್ರ, ಅಡ್ಡಗೆರೆ ಹಾಕಿದರೆ ಒಳಗಿನ ಫೋಲ್ಡರ್‌ಗಳೂ ಸೇರುತ್ತವೆ. ಡ್ರೈವ್ ದಾರಿಯಲ್ಲಿ ಹಿಂದಕ್ಕೆ ವಾಲಿದ ಗೆರೆ ಜೋಡಿಯಾಗಿ ಬರೆಯಬೇಕು. ಎಲ್ಲದಕ್ಕೂ ಅನುಮತಿ ಕೊಟ್ಟು ಕೈತೊಳೆದುಕೊಳ್ಳುವವರನ್ನು ನೋಡಿದ್ದೇನೆ, ಅದು ನನಗೆ ಸಿಟ್ಟು ತರಿಸುತ್ತದೆ.

ಮನೆಗೆ ಬಂದ ಮೇಲೂ ಆ 'ಅನ್‌ನೋನ್' ಬಿಡಲಿಲ್ಲ. ಬಿಗಿ ಮಾಡಲು ಕಾರಣ ಇತ್ತು, ಒಪ್ಪುತ್ತೇನೆ. 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಅನ್ನುವ ಕಳ್ಳ ಪ್ರೋಗ್ರಾಂ ಜಾವಾದ ತೂತಿನಿಂದಲೇ ಲಕ್ಷಗಟ್ಟಲೆ ಮ್ಯಾಕ್‌ಗಳಿಗೆ ನುಗ್ಗಿತ್ತು. 2014ರ ಜನವರಿಯಲ್ಲಿ ಬಂದ ಜಾವಾ 7ರ 51ನೇ ಅಪ್‌ಡೇಟ್‌ನಿಂದ ಬರೆದವರು ಯಾರು ಅಂತ ಹೇಳುವ ಡಿಜಿಟಲ್ ಸಹಿ ಇಲ್ಲದ ಆಪ್ಲೆಟ್, ತಾನೇ ಸಹಿ ಹಾಕಿಕೊಂಡದ್ದು ಎರಡಕ್ಕೂ ಮಾಮೂಲಿ ಸೆಟ್ಟಿಂಗ್‌ನಲ್ಲಿ ಬಾಗಿಲು ಬಂದ್. ನಂಬುವ ಸಹಿ ಬೇಕಂದರೆ ಪ್ರಮಾಣಪತ್ರ ಕೊಡುವ ಸಂಸ್ಥೆಗೆ ದುಡ್ಡು ಕಟ್ಟಬೇಕು, ಅವಧಿ ಮುಗಿದಾಗ ಮತ್ತೆ ಕಟ್ಟಬೇಕು. ಕಂಪನಿಗಳು ಕಟ್ಟಿದವು. ಪಿಂಚಣಿಯಲ್ಲಿ ಬದುಕುವ ಮೇಷ್ಟ್ರು ಕಟ್ಟುತ್ತಾರಾ? ಮಕ್ಕಳಿಗಾಗಿ ಪುಕ್ಕಟೆ ಬರೆದ ಇಂಥ ಪಾಠಗಳು ಎಷ್ಟು ಊರಲ್ಲಿ ಎಷ್ಟು ಜನರ ಡಿಸ್ಕ್‌ನಲ್ಲಿ ಬಿದ್ದಿವೆಯೋ. ಬ್ರೌಸರ್ ಮಾಡುವವರು, ಜಾವಾ ಮಾಡುವವರು ಇವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಅಂತ ನನಗೆ ಅನಿಸುತ್ತದೆ. ಕಳ್ಳನನ್ನೂ ಮೇಷ್ಟ್ರನ್ನೂ ಒಂದೇ ಪದದಲ್ಲಿ ಕರೆಯುವ ವ್ಯವಸ್ಥೆ ಸುರಕ್ಷಿತ ಇರಬಹುದು, ನ್ಯಾಯದ್ದು ಅನ್ನಲು ನನಗೆ ಮನಸ್ಸಿಲ್ಲ.

ಮೂಲ ಕೋಡ್ ಸಿಡಿಯಲ್ಲಿ ಸಿಕ್ಕಿದೆ. ಜಾವಾಸ್ಕ್ರಿಪ್ಟ್‌ಗೆ ಬರೆಯಲು ಶುರು ಮಾಡಿದ್ದೇನೆ, ಆಗ ಮಕ್ಕಳ ಮೊಬೈಲ್‌ನಲ್ಲೂ ಓಡುತ್ತದೆ. ನಿನ್ನೆ ಫೋನ್ ಮಾಡಿ ಹೇಳಿದೆ.

"ಅಳತೆ ಬರೆದಿಡ್ಲಿಕ್ಕೆ ಇದು ಬಿಡ್ತದಾ?" ಕೇಳಿದರು.

"ಅದಾಗಿ ಬರೆಯುದಿಲ್ಲ ಸರ್. ಡೌನ್‌ಲೋಡ್ ಬಟನ್ ಇಡ್ತೇನೆ, ಮಕ್ಕಳೇ ಒತ್ತಿ ಉಳಿಸಿಕೊಳ್ಳಬೇಕು."

"ಹಾಗಾದ್ರೆ ಅಡ್ಡಿಲ್ಲ. ಅಲೆಯ ಪಟ್ಟಿಗಳ ಲೆಕ್ಕ ಮಾತ್ರ ನಾನು ಒಮ್ಮೆ ನೋಡ್ಬೇಕು, ನೀನು ಪರೀಕ್ಷೆಯಲ್ಲಿ ಲ್ಯಾಂಬ್ಡಾ ಬಿಡ್ತಿದ್ದಿ."