28 ಫಾರಂ ಕಾದಂಬರಿ

ಕನ್ನಡದಲ್ಲಿ ಕಾದಂಬರಿ ಎಷ್ಟು ಉದ್ದ ಅಂತ ಪದ ಎಣಿಸಿ ಹೇಳುವವರು ಕಡಿಮೆ. ಪ್ರಕಾಶಕರು, ಡಿಟಿಪಿ ಮಾಡುವವರು, ಪ್ರೆಸ್ಸಿನವರು ಎಲ್ಲರದೂ ಫಾರಂ ಲೆಕ್ಕ. 1/8 ಡೆಮಿ, ಅಂದರೆ ಡೆಮಿ ಅನ್ನುವ ಅಚ್ಚಿನ ಹಾಳೆಯ ಎಂಟನೇ ಒಂದು ಭಾಗ, ಆ ಅಳತೆಯ 16 ಪುಟ ಸೇರಿದರೆ ಒಂದು ಫಾರಂ. ಎಷ್ಟೋ ಪುಸ್ತಕಗಳ ಒಳಪುಟದಲ್ಲಿ ಬೆಲೆ, ಪ್ರತಿಗಳ ಸಂಖ್ಯೆಯ ಪಕ್ಕ '70 ಜಿಎಸ್‌ಎಂ ಎನ್‌ಎಸ್ ಮ್ಯಾಪ್‌ಲಿಥೊ, 1/8 ಡೆಮಿ' ಅಂತ ಕಾಗದದ ಬಗೆ, ಪುಟದ ಅಳತೆ ಹೇಳುವ ಒಂದು ಸಾಲು ಇರುತ್ತದೆ, ನೋಡಿರಬಹುದು. ಚಿಕ್ಕಂದಿನಿಂದ ಓದುತ್ತಾ ಬಂದರೂ ಆ ಸಾಲಿನ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ. ನನ್ನದೇ ಹಸ್ತಪ್ರತಿ ಹಿಡಿದುಕೊಂಡು ಬೆಂಗಳೂರಿಗೆ ಹೋದ ದಿನ ಅದರ ತೂಕ ಗೊತ್ತಾಯಿತು.

ಕಾದಂಬರಿ ನಮ್ಮೂರು ದಾವಣಗೆರೆಯ ಮಂಡಕ್ಕಿ ಭಟ್ಟಿ ನಡೆಸುವ ಒಂದು ಮನೆತನದ್ದು. ಒಟ್ಟು 98,000 ಪದ ಆಗಿತ್ತು. ಇಂಗ್ಲಿಷಿನಲ್ಲಿ ಮೊದಲ ಕಾದಂಬರಿಗೆ ಎಂಬತ್ತು ಸಾವಿರದಿಂದ ಒಂದು ಲಕ್ಷ ಪದ ಇದ್ದರೆ ಸರಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹಾಗಾಗಿ ನಾನು ನಿಶ್ಚಿಂತೆಯಿಂದಲೇ ರೈಲು ಹತ್ತಿದ್ದೆ. ಆದರೆ ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡು ಬರುತ್ತವೆ, ಅಕ್ಷರಗಳೂ ಜಾಗ ಜಾಸ್ತಿ ಕೇಳುತ್ತವೆ. 12 ಪಾಯಿಂಟಿನಲ್ಲಿ ಹಾಕಿದರೆ ಒಂದು ಡೆಮಿ ಪುಟಕ್ಕೆ 230 ಪದ ಹಿಡಿದರೆ ಹೆಚ್ಚು.

ಪ್ರಕಾಶಕರು ಮೊದಲ ಪುಟ ಓದಿದರು, ನಡುವೆ ಒಂದೆರಡು ಪುಟ ತಿರುವಿದರು. ಆಮೇಲೆ ಕ್ಯಾಲ್ಕುಲೇಟರ್ ಎಳೆದುಕೊಂಡರು. "426 ಪುಟ ಮೇಡಂ. ಮುನ್ನುಡಿ, ಅರ್ಪಣೆ, ನೆನಕೆ ಎಲ್ಲ ಸೇರಿ 440. ಅಂದ್ರೆ 28 ಫಾರಂ." ನನಗೆ ಅರ್ಥವಾಗಲಿಲ್ಲ ಅಂತ ಮುಖ ನೋಡಿಯೇ ತಿಳಿದುಕೊಂಡು ವಿವರಿಸಿದರು. ಒಂದು ಡಬಲ್ ಡೆಮಿ ಹಾಳೆಯಲ್ಲಿ ಎರಡೂ ಬದಿ ಸೇರಿ 32 ಪುಟ ಬರುತ್ತದೆ. ಒಂದು ಫಾರಂ ಅದರಲ್ಲಿ ಅರ್ಧ. ಸಾವಿರ ಪ್ರತಿ ಹಾಕಿದರೆ ಪ್ರತಿ ಫಾರಂಗೂ 500 ಹಾಳೆ, ಅಂದರೆ ಒಂದು ರೀಮು. ನನ್ನ ಕಾದಂಬರಿಗೆ 28 ರೀಮು, ಅದರ ಮೇಲೆ ಮಿಷನ್ನಿನಲ್ಲಿ ಹಾಳಾಗುವ ಕಾಗದ ಬೇರೆ. "ಈಗ ಸಾವಿರ ಯಾರು ಹಾಕ್ತಾರೆ ಬಿಡಿ. ಐನೂರು ಹಾಕೋದೂ ಧೈರ್ಯದ ಮಾತೇ. ಪುಟಕ್ಕೆ ಒಂದು ರೂಪಾಯಿ ಅಂದ್ಕೊಂಡ್ರೂ ಬೆಲೆ 450 ಇಡಬೇಕು. ಹೊಸಬರ ಪುಸ್ತಕಕ್ಕೆ 450 ಕೊಡ್ತಾರಾ? ನೀವೇ ಹೇಳಿ, ಕೊನೇ ಸಲ ಹೊಸ ಲೇಖಕರ ಪುಸ್ತಕಕ್ಕೆ ನೀವು ಎಷ್ಟು ಕೊಟ್ಟಿದ್ರಿ?"

ನಾನು ಎಲ್ಲರೂ ಹೂಡುವ ವಾದವನ್ನೇ ಹೂಡಿದೆ. "ಮಲೆಗಳಲ್ಲಿ ಮದುಮಗಳು ಏಳುನೂರು ಪುಟದ ಮೇಲಿಲ್ವಾ ಸರ್?"

"ಅದನ್ನ ಬರೆಯೋ ಹೊತ್ತಿಗೆ ಅವರು ಕುವೆಂಪು ಆಗಿದ್ರು ಮೇಡಂ."

"ಮೊದಲನೇದು ಕಾನೂರು ಹೆಗ್ಗಡಿತಿನೂ ಸಣ್ಣ ಪುಸ್ತಕ ಅಲ್ವಲ್ಲ."

"ಅದು 1936. ಓದೋರ ಕೈಯಲ್ಲಿ ಮೊಬೈಲ್ ಇರಲಿಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 15 ಫಾರಂಗೆ, ಅಂದರೆ 240 ಪುಟಕ್ಕೆ ಇಳಿಸಿಕೊಂಡು ಬನ್ನಿ, ನೋಡೋಣ ಅಂದರು. ಬೇಡ ಅಂತ ಹೇಳಲಿಲ್ಲ, ಅದೊಂದು ಸಮಾಧಾನ. ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತಾರೆ, ಅದಕ್ಕೆ ಹಾಕೋಣವೇ ಅಂತ ಕೇಳಬೇಕು ಅಂದುಕೊಂಡಿದ್ದೆ. ಐವತ್ತರ ಹತ್ತಿರ ಬಂದವಳು 'ಯುವ' ಅಂತ ಬಾಯಿ ಬಿಡೋದು ಹೇಗೆ, ಸುಮ್ನಾದೆ.

ಊರಿಗೆ ಬಂದು ಮೊದಲು ಹೋಗಿದ್ದು ಡಿಟಿಪಿ ಅಂಗಡಿಗೆ. ಅಕ್ಷರ ಸಣ್ಣ ಮಾಡಿದರೆ ಹೇಗೆ ಅನ್ನೋ ಆಸೆ. ಅಂಗಡಿ ಹುಡುಗ ಒಂದು ಅಧ್ಯಾಯ ತೆಗೆದುಕೊಂಡು 11 ಪಾಯಿಂಟಿಗೆ ಇಳಿಸಿ, ಸಾಲುಗಳ ನಡುವಿನ ಜಾಗ ಬಿಗಿ ಮಾಡಿ, ಮಾರ್ಜಿನ್ ಒತ್ತಿ ತೋರಿಸಿದ. ಆ ಲೆಕ್ಕದಲ್ಲಿ ಇಡೀ ಪುಸ್ತಕ ನಾಲ್ಕು ಫಾರಂ ಕಡಿಮೆ ಆಗುತ್ತಿತ್ತು. ಆದರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತದ ತಲೆಗೆ ತಾಗುತ್ತಿದ್ದವು. "ಆಂಟಿ, ಇದನ್ನ ಓದೋಕೆ ಕನ್ನಡಕ ಫ್ರೀ ಕೊಡ್ಬೇಕಾಗುತ್ತೆ," ಅಂದ. ಎರಡು ಭಾಗ ಮಾಡೋಣ ಅಂತ ಗೆಳತಿಯೊಬ್ಬಳು ಐಡಿಯಾ ಕೊಟ್ಟಳು. ಮೊದಲ ಭಾಗವೇ ಮಾರಾಟವಾಗುವ ನಂಬಿಕೆ ಇಲ್ಲದಾಗ ಎರಡನೆಯದನ್ನು ಯಾರು ಅಚ್ಚು ಹಾಕುತ್ತಾರೆ?

ಹಾಗಾಗಿ ಕತ್ತರಿ ಹಿಡಿಯಲೇಬೇಕಾಯಿತು. ಹೊಸಬರು ಸಾಮಾನ್ಯವಾಗಿ ಸಾಲುಗಳಿಂದ ಶುರುಮಾಡುತ್ತಾರೆ. ಇಲ್ಲೊಂದು ವಿಶೇಷಣ, ಅಲ್ಲೊಂದು 'ಆದ್ದರಿಂದ'. ನಾನೂ ಹಾಗೆ ಒಂದು ಅಧ್ಯಾಯ ಮಾಡಿ ನೋಡಿದೆ, ಒಂದು ಪುಟವೂ ಇಳಿಯಲಿಲ್ಲ. ಆಮೇಲೆ ಮನೆಯಲ್ಲಿದ್ದ ಹಳೇ ಮದುವೆ ಕಾರ್ಡುಗಳನ್ನು ತೆಗೆದು, ಒಂದೊಂದರ ಹಿಂಬದಿಗೆ ಒಂದೊಂದು ಅಧ್ಯಾಯದಲ್ಲಿ ಏನು ನಡೆಯುತ್ತದೆ ಅಂತ ಒಂದೇ ಸಾಲಿನಲ್ಲಿ ಬರೆದು ಹಾಲಿನ ನೆಲದ ತುಂಬ ಹರವಿದೆ. ನೆಲದ ಮೇಲೆ ನೋಡಿದಾಗ ಕಾಣುವುದೇ ಬೇರೆ. 'ಬಸವರಾಜ ಸಾಲ ಕೇಳಲು ಹೋದ' ಅನ್ನುವ ಕಾರ್ಡು ಮೂರು ಕಡೆ ಇತ್ತು. ಒಂದು ಕಡೆ ಭತ್ತದ ವ್ಯಾಪಾರಿ, ಒಂದು ಕಡೆ ಭಾವ, ಇನ್ನೊಂದು ಕಡೆ ಸೊಸೈಟಿ. ಮೂರರಲ್ಲೂ ಅವನು ತಲೆ ತಗ್ಗಿಸಿ ವಾಪಸ್ ಬರುತ್ತಾನೆ, ಅಷ್ಟೇ. ಭಾವನ ಮನೆಯದನ್ನು ಮಾತ್ರ ಉಳಿಸಿಕೊಂಡೆ. ನೆಂಟರ ಮನೆಯಲ್ಲಿ ಆಗುವ ಅವಮಾನದ ಮುಂದೆ ಸೊಸೈಟಿಯದು ಏನೂ ಅಲ್ಲ.

ಕೆಲವು ಕಾರ್ಡುಗಳನ್ನು ಎತ್ತಿಟ್ಟರೆ ಅಕ್ಕಪಕ್ಕದವು ಅಲುಗಾಡುತ್ತಲೇ ಇರಲಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳ ಇತಿಹಾಸ ಅಂಥದ್ದು. ಲೈಬ್ರರಿಯಲ್ಲಿ ಕೂತು, ಹಳೇ ಕಾರ್ಮಿಕರನ್ನು ಹುಡುಕಿಕೊಂಡು ಹೋಗಿ ಕಲೆಹಾಕಿದ್ದು. ಒಂದಾನೊಂದು ಕಾಲಕ್ಕೆ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು ಅನ್ನುವುದರಿಂದ ಶುರುವಾಗಿ, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ತನಕ ಎರಡು ಇಡೀ ಅಧ್ಯಾಯ. ಕಷ್ಟಪಟ್ಟು ಹುಡುಕಿದ ವಿಷಯ ಅಂತ ಅದಕ್ಕೆ ಜಾಗ ಕೊಟ್ಟಿದ್ದೆ. ಓದುವವರಿಗೆ ನನ್ನ ಕಷ್ಟ ಕಟ್ಟಿಕೊಂಡು ಏನಾಗಬೇಕು? ಗಿರಣಿ ಕೆಲಸ ಹೋದ ಚಿಕ್ಕಪ್ಪ ಭಟ್ಟಿಗೆ ಬಂದು ಹೊಟ್ಟು ಹೊರುವ ಒಂದು ದೃಶ್ಯದಲ್ಲಿ ಅದೆಲ್ಲ ಬಂದೇ ಇತ್ತು. ಎರಡೂ ಅಧ್ಯಾಯ 'ಉಳಿದದ್ದು' ಅನ್ನುವ ಬೇರೆ ಫೈಲಿಗೆ ಹೋದವು. ಈ ಫೈಲು ಬಹಳ ಉಪಕಾರ ಮಾಡಿತು. ಅಳಿಸುತ್ತಿಲ್ಲ, ಸುಮ್ನೆ ಎತ್ತಿಡುತ್ತಿದ್ದೇನೆ ಅಂದುಕೊಂಡರೆ ಕೈ ನಡುಗುವುದಿಲ್ಲ.

ಸಂಜೆ ಹೊತ್ತು ಅವ್ವನಿಗೆ ಓದಿ ಹೇಳುತ್ತಿದ್ದೆ. ಅವ್ವ ಮದುವೆಯಾದ ಹೊಸದರಲ್ಲಿ ಭಟ್ಟಿಯಲ್ಲೇ ಕೆಲಸ ಮಾಡಿದವಳು, ಕಣ್ಣಿಗೆ ಪೊರೆ ಬಂದ ಮೇಲೆ ಓದುವುದು ನಿಂತಿತ್ತು. ಮಂಡಕ್ಕಿ ಹುರಿಯುವ ಅಧ್ಯಾಯ ನನ್ನ ಹೆಮ್ಮೆಯದು. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸಿ ಅಕ್ಕಿ ಮಾಡಿಸುವುದು, ಉಪ್ಪುನೀರು ಬೆರೆಸುವುದು, ಕಾದ ಮರಳಿಗೆ ಸುರಿಯುವುದು, ಜರಡಿ ಹಿಡಿಯುವುದು. ಎಲ್ಲಾ ಸೇರಿ ಹನ್ನೊಂದು ಪುಟ. ಓದುತ್ತಿದ್ದಂತೆ ಅವ್ವ ಆಕಳಿಸಿದಳು.

"ಏನೇ, ಮಂಡಕ್ಕಿ ಹುರಿಯೋದು ಕಲ್ಸೋಕೆ ಬರ್ದೀಯೇನು ಇದನ್ನ?"

ಆ ಅಧ್ಯಾಯದ ನಡುವೆ ಒಂದು ಕಡೆ ಹೀಗಿತ್ತು: 'ಕಾದು ಕೆಂಪಾದ ಮರಳಿನೊಳಗೆ ಬಿದ್ದ ಅಕ್ಕಿ, ತನ್ನೊಡಲಲ್ಲಿ ಅಡಗಿದ್ದ ತೇವವೆಲ್ಲ ಆವಿಯಾಗಿ ಹೊರಬರಲು ದಾರಿ ಕಾಣದೆ ಅರಳಿ ಬಿರಿಯುವಂತೆ, ಇಷ್ಟು ವರ್ಷ ಗಂಗವ್ವನ ಎದೆಯೊಳಗೆ ಹೂತುಹೋಗಿದ್ದ ಮಾತುಗಳೂ ಅಂದು ಒಮ್ಮೆಲೇ ಹೊರಚಿಮ್ಮಲು ಹವಣಿಸುತ್ತಿದ್ದವು.' ಬರೆದಾಗ ಈ ವಾಕ್ಯವನ್ನು ಗೋಡೆಗೆ ಬರೆಸಬೇಕು ಅನ್ನಿಸಿತ್ತು. ಅವ್ವನ ಆಕಳಿಕೆ ಆದ ಮೇಲೆ ಹೀಗಾಯಿತು: 'ಗಂಗವ್ವ ಅಕ್ಕಿ ಸುರಿದಳು. ಮರಳು ಚಟಪಟ ಅಂದಿತು. "ಮನೆ ಪತ್ರ ಯಾರ ಹತ್ರ ಐತಿ?" ಅಂದಳು.' ಹನ್ನೊಂದು ಪುಟ ಎರಡೂವರೆಗೆ ಬಂತು.

ಹಾಗಂತ ಅವ್ವನ ಮಾತು ಎಲ್ಲ ಕೇಳಲಿಲ್ಲ. ಕಾದಂಬರಿಯಲ್ಲಿ ಇಬ್ಬರು ಅತ್ತೆಯರಿದ್ದರು. ಕಿರಿಯಳನ್ನು ತೆಗಿ ಅಂತ ಅವ್ವ ಹಟ ಹಿಡಿದಳು. ಕತೆಗೆ ಬೇಡ ಅಂತ ಅಲ್ಲ, ನಮ್ಮ ಸೋದರತ್ತೆ ಓದಿದರೆ ತನ್ನ ಬಗ್ಗೆಯೇ ಅಂದುಕೊಂಡು ಜಗಳಕ್ಕೆ ಬರುತ್ತಾಳೆ ಅಂತ. ನಾನು ಇಬ್ಬರನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿದೆ. ಹಿರಿಯಳ ಜಿಪುಣತನ, ಕಿರಿಯಳ ಬಾಯಿ ಸೇರಿ ಅವಳು ಇನ್ನೂ ಘಾಟಿಯಾದಳು. ಅವ್ವನ ತೊಂದರೆ ಹಾಗೇ ಉಳಿಯಿತು, ನನಗೆ ಮೂವತ್ತು ಪುಟ ಉಳಿಯಿತು.

ಇಷ್ಟಾದರೂ 15 ಫಾರಂ ಆಗಲಿಲ್ಲ. 67,000 ಪದದ ಹತ್ತಿರ ಬಂದು ನಿಂತಿತು. ಅದಕ್ಕಿಂತ ಇಳಿಸಬೇಕು ಅಂದರೆ ಮಳೆಗಾಲದ ಅಧ್ಯಾಯ ಹೋಗಬೇಕು. ಭತ್ತ ಒಣಗುವುದಿಲ್ಲ, ಭಟ್ಟಿ ಹೊತ್ತುವುದಿಲ್ಲ, ಮನೆಮಂದಿಯೆಲ್ಲ ಕೆಲಸವಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುತ್ತಾರೆ. ಏನೂ ನಡೆಯದ ಅಧ್ಯಾಯ ಅದು, ಓದಿದವರೆಲ್ಲ ಇದ್ಯಾಕೆ ಅಂತಲೇ ಕೇಳಿದರು. ಆದರೆ ಕಾರ್ಡು ಎತ್ತಿಟ್ಟು ನೋಡಿದರೆ ಮುಂದಿನ ಜಗಳಕ್ಕೆ ಕಾರಣವೇ ಸಿಗುತ್ತಿರಲಿಲ್ಲ. ವಾರಗಟ್ಟಲೆ ಒಂದೇ ಸೂರಿನಡಿ ಸುಮ್ಮನೆ ಕೂತ ಜನ ಮಾತ್ರ ಹಾಗೆ ಜಗಳ ಆಡುತ್ತಾರೆ. ಪ್ರಕಾಶಕರಿಗೆ ಫೋನ್ ಮಾಡಿ, 240 ಆಗೋದಿಲ್ಲ ಸರ್, ಕತೆಯೇ 291 ಪುಟ ಅಂದೆ. ಕಳಿಸಿ ಅಂದರು. ಓದಿದರು. ಮಳೆಗಾಲ ಇರಲಿ ಅಂದರು. ಮೊದಲ ಪುಟಗಳಿಗೆ 12, ಕೊನೆಗೊಂದು ಖಾಲಿ, ಸರಿಯಾಗಿ 304. ಅಂದರೆ 19 ಫಾರಂ, ಒಂದು ಪುಟವೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಬೆಲೆ 300 ಅಂತ ಮಾತಾಯಿತು.

ಆ 12ರಲ್ಲಿ ಮುನ್ನುಡಿಗೆ ಇಟ್ಟಿದ್ದು ನಾಲ್ಕು ಪುಟ. ಹಿರಿಯ ವಿಮರ್ಶಕರೊಬ್ಬರು ಬಹಳ ಪ್ರೀತಿಯಿಂದ ಒಪ್ಪಿಕೊಂಡಿದ್ದರು. ಮೊನ್ನೆ ಕಳಿಸಿದ್ದಾರೆ. ಡಿಟಿಪಿಯಲ್ಲಿ ಹಾಕಿಸಿದರೆ 14 ಪುಟ. ಪುಸ್ತಕ 20 ಫಾರಂಗೆ ಹಾರಿ, ಕೊನೆಗೆ ಏಳು ಪುಟ ಖಾಲಿ ನಿಲ್ಲುತ್ತದೆ. ಬೆಳಗ್ಗೆ ಪ್ರಕಾಶಕರ ಫೋನ್ ಬಂದಿತ್ತು.

"ಮುನ್ನುಡಿ ಕಡಿಮೆ ಮಾಡಿ ಅಂತ ಅವರಿಗೆ ನಾನು ಹೇಳೋಕಾಗಲ್ಲ ಮೇಡಂ. ನಿಮಗೆ ಈಗ ಅಭ್ಯಾಸ ಆಗಿದೆಯಲ್ಲ, ನೀವೇ ಒಂದು ಮಾತು ಹೇಳಿಬಿಡಿ."