ಮೆಕ್ಕೆಜೋಳದ ಹೊಲ ಹೊಕ್ಕವನ ಜಾಡು

ನಾನು ಓಹಾಯೋದ ಕೊಲಂಬಸ್ ನಗರದ ದಕ್ಷಿಣದಂಚಿನಲ್ಲಿ ವಾಸವಾಗಿದ್ದೇನೆ. ಮನೆಯಿಂದ ಹತ್ತು ನಿಮಿಷ ಕಾರು ಓಡಿಸಿದರೆ ಸಾಕು, ರಸ್ತೆಯ ಎರಡೂ ಬದಿಯಲ್ಲಿ ಮೆಕ್ಕೆಜೋಳ ಮತ್ತು ಸೋಯಾಬೀನ್ ಹೊಲಗಳು ಶುರುವಾಗುತ್ತವೆ. ಕಳೆದ ಆಗಸ್ಟ್ ತಿಂಗಳ ಒಂದು ರಾತ್ರಿ ಆ ದಾರಿಯಲ್ಲಿ ಹಿಂತಿರುಗುತ್ತಿದ್ದಾಗ, ಮುಂದೆ ಪೊಲೀಸ್ ಕಾರುಗಳ ಕೆಂಪು-ನೀಲಿ ದೀಪಗಳು ಕಂಡವು. ಅಧಿಕಾರಿಯೊಬ್ಬರು ಟಾರ್ಚ್ ಅಡ್ಡಹಿಡಿದು ನನ್ನನ್ನು ದೂರದಲ್ಲೇ ನಿಲ್ಲಿಸಿದರು. ಒಂದು ಹಳೆಯ ಸೆಡಾನ್ ಮೂತಿಯನ್ನು ಚರಂಡಿಗೆ ಇಳಿಸಿಕೊಂಡು ನಿಂತಿತ್ತು. ಚಾಲಕನ ಕಡೆಯ ಬಾಗಿಲು ಹಾರುಹೊಡೆದಿತ್ತು, ಒಳಗಿನ ಪುಟ್ಟ ದೀಪ ಇನ್ನೂ ಉರಿಯುತ್ತಿತ್ತು. ಚಾಲಕ ತಪಾಸಣೆಗೆಂದು ತಡೆದಾಗ ನಿಲ್ಲದೆ ಓಡಿ, ಕಾರು ಕೈಕೊಟ್ಟ ಮೇಲೆ ಹೊಲ ಹೊಕ್ಕಿದ್ದಾನೆಂದು ಊಹಿಸಲು ಯಾರೂ ಹೇಳಬೇಕಾಗಿರಲಿಲ್ಲ.

ನನಗೆ ಅಚ್ಚರಿ ತಂದದ್ದು ಪೊಲೀಸರ ನಿಧಾನ. ಅಷ್ಟು ಜನ ಸೇರಿದ್ದರೂ ಒಬ್ಬರೂ ಹೊಲಕ್ಕೆ ಕಾಲಿಟ್ಟಿರಲಿಲ್ಲ, ಆ ಸೆಡಾನಿನ ಬಳಿಗೂ ಹೋಗಿರಲಿಲ್ಲ. ಹೊಲದ ನಾಲ್ಕು ಮೂಲೆಗಳಲ್ಲಿ ಒಂದೊಂದು ಕಾರು ನಿಂತು ದೀಪ ಬೀರುತ್ತಿತ್ತು, ಅಷ್ಟೇ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಾಡಿ ಬಂತು; ಅದರ ಹಿಂಬಾಗಿಲಿನಿಂದ ಕಪ್ಪು ಮೂತಿಯ, ಕಂದು ಬಣ್ಣದ ಬೆಲ್ಜಿಯನ್ ಮ್ಯಾಲಿನ್ವಾ ನಾಯಿಯೊಂದು ಇಳಿಯಿತು. ನೋಡಿಕೊಳ್ಳುವಾತ ಅದಕ್ಕೆ ಎದೆಪಟ್ಟಿ ತೊಡಿಸಿ, ಉದ್ದನೆಯ ಹಗ್ಗ ಸಿಕ್ಕಿಸಿ, ನೇರವಾಗಿ ಆ ತೆರೆದ ಬಾಗಿಲಿನ ಬಳಿಗೆ ಕರೆದೊಯ್ದ. ನಾಯಿ ನೆಲವನ್ನು ಒಂದು ಸುತ್ತು ಮೂಸಿ, ಎರಡನೆಯ ಸುತ್ತಿನ ಅರ್ಧದಲ್ಲೇ ತಿರುಗಿತು. ಹಗ್ಗ ಬಿಗಿಯಾಯಿತು. ಅದರ ಹಿಂದೆ ಆತ, ಆತನ ಹಿಂದೆ ಇನ್ನಿಬ್ಬರು, ಎಲ್ಲರೂ ಜೋಳದೊಳಗೆ ಮರೆಯಾದರು. ಆಮೇಲೆ ನನಗೆ ಕೇಳಿಸಿದ್ದು ಒಣಗತೊಡಗಿದ್ದ ಗರಿಗಳ ಸರಸರ ಸದ್ದು ಮಾತ್ರ.

ಆ ನಿಧಾನದ ಕಾರಣ ನನಗೆ ತಿಳಿದದ್ದು ಕೆಲವು ತಿಂಗಳ ನಂತರ. ಇಲ್ಲಿನ ಅನೇಕ ಪೊಲೀಸ್ ಇಲಾಖೆಗಳು ಊರಿನ ನಾಗರಿಕರಿಗಾಗಿ ಸಂಜೆ ತರಗತಿಗಳನ್ನು ನಡೆಸುತ್ತವೆ. ಅಂಥದ್ದೊಂದಕ್ಕೆ ನಾನು ಸೇರಿಕೊಂಡೆ, ಮುಖ್ಯವಾಗಿ ನಾಯಿಯನ್ನು ತೋರಿಸುವ ದಿನಕ್ಕಾಗಿ. ಮನುಷ್ಯನ ಮೈಯಿಂದ ಚರ್ಮದ ಸೂಕ್ಷ್ಮ ಕಣಗಳು ಸದಾ ಉದುರುತ್ತಿರುತ್ತವೆ, ಓಡುವವನ ಕಾಲಡಿಯಲ್ಲಿ ಹುಲ್ಲು ಜಜ್ಜಿ ರಸ ಬಿಡುತ್ತದೆ, ಮಣ್ಣು ಮಗುಚುತ್ತದೆ. ಇವೆಲ್ಲ ಸೇರಿದ ವಾಸನೆಯೇ ಜಾಡು. ನಾಲ್ಕು ಜನ ಪೊಲೀಸರು ಉತ್ಸಾಹದಿಂದ ಹಿಂದೆ ನುಗ್ಗಿದರೆ ಅವರ ನಾಲ್ಕು ವಾಸನೆಗಳು ಅದರ ಮೇಲೆ ಬಿದ್ದು ನಾಯಿಯ ಕೆಲಸ ಕೆಡುತ್ತದೆ. ಆದ್ದರಿಂದ ಸುತ್ತುವರಿದು ಸುಮ್ಮನೆ ಕಾಯುವುದೇ ಕ್ರಮ. ತಂಪಾದ, ತೇವವಿರುವ ರಾತ್ರಿಯಲ್ಲಿ ಹುಲ್ಲಿನ ಮೇಲೆ ಜಾಡು ಚೆನ್ನಾಗಿ ನಿಲ್ಲುತ್ತದೆ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬೇಗ ಆರಿಹೋಗುತ್ತದೆ. ಓಡುವವನು ಹೊಲ ಸೇರಿದರೆ ತಪ್ಪಿಸಿಕೊಂಡೆ ಎಂದುಕೊಳ್ಳುತ್ತಾನೆ, ಆದರೆ ನಾಯಿಗೆ ಎಲ್ಲಕ್ಕಿಂತ ಸಲೀಸಾದ ನೆಲಕ್ಕೇ ಅವನು ಕಾಲಿಟ್ಟಿರುತ್ತಾನೆ.

ನಾಯಿಯ ಗಾಡಿಯನ್ನೂ ಆ ತರಗತಿಯಲ್ಲಿ ಹತ್ತಿರದಿಂದ ನೋಡಿದೆ. ಹಿಂದಿನ ಸೀಟು ಕಿತ್ತು ಲೋಹದ ಗೂಡು ಕೂರಿಸಿದ್ದಾರೆ. ಒಳಗೆ ಶಾಖ ಏರಿದರೆ ಎಚ್ಚರಿಕೆಯ ಗಂಟೆ ಹೊಡೆದು ಕಿಟಕಿಗಳು ತಾವಾಗಿಯೇ ಇಳಿಯುತ್ತವೆ. ನೋಡಿಕೊಳ್ಳುವಾತನ ಸೊಂಟಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ರಿಮೋಟ್ ಒಂದಿರುತ್ತದೆ. ಅದರ ಗುಂಡಿ ಒತ್ತಿದರೆ ದೂರದಿಂದಲೇ ಹಿಂಬಾಗಿಲು ತೆರೆದು ನಾಯಿ ಹೊರಗೆ ಜಿಗಿಯುತ್ತದೆ. ಇಂಥ ಅನೇಕ ನಾಯಿಗಳು ಯುರೋಪಿನಿಂದ ಬಂದವು, ಹಾಗಾಗಿ ಆಜ್ಞೆಗಳೂ ಡಚ್, ಜರ್ಮನ್ ಅಥವಾ ಚೆಕ್ ಭಾಷೆಯಲ್ಲಿರುತ್ತವೆ. (ಓಹಾಯೋದ ಹಳ್ಳಿಗಾಡಿನ ಪೊಲೀಸ್ ಒಬ್ಬರು ನಾಯಿಯೊಂದಿಗೆ ಮಾತಾಡಲು ಹೊಸ ಭಾಷೆ ಕಲಿಯುತ್ತಾರೆ, ನನ್ನ ಮಗನಿಗೆ ಹತ್ತು ವರ್ಷದಿಂದ ಕನ್ನಡ ಕಲಿಸಲು ಪಾಡುಪಡುತ್ತಿರುವ ನನಗೆ ಇದು ಸ್ವಲ್ಪ ಚುಚ್ಚಿತು.)

ಆ ಸಂಜೆಯ ಕೊನೆಯಲ್ಲಿ ಸ್ವಯಂಸೇವಕನೊಬ್ಬನಿಗೆ ಸೆಣಬಿನ ದಪ್ಪ ತೋಳುಗವಸು ತೊಡಿಸಿ ಓಡಿಸಿದರು, ಗುಂಡಿ ಒತ್ತಿದರು. ಮೂವತ್ತು ಗಜವನ್ನು ನಾಯಿ ಕ್ರಮಿಸಿದ್ದು ನಾನು ಉಸಿರೆಳೆದು ಬಿಡುವಷ್ಟರಲ್ಲಿ. ಹಲ್ಲು ಊರಿದ ಮೇಲೆ ಅದು ಬಿಡಲಿಲ್ಲ. ಆತ ಬಿದ್ದರೂ ಬಿಡಲಿಲ್ಲ, ಸುಮ್ಮನೆ ಮಲಗಿದರೂ ಬಿಡಲಿಲ್ಲ, ಆಜ್ಞೆ ಸಿಕ್ಕಮೇಲಷ್ಟೇ ಬಿಟ್ಟಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ತೋಳುಗವಸು ಇಲ್ಲದವನ ತೋಳು ಏನಾಗುತ್ತದೆಂಬುದೇ ತಲೆಯಲ್ಲಿ ಕೂತಿತ್ತು.

ಅದಕ್ಕೆ ಒಂದು ಕಾರಣವಿದೆ. ನಮ್ಮ ಮನೆಯಿಂದ ದಕ್ಷಿಣಕ್ಕೆ ಹೋದರೆ ಸರ್ಕಲ್‌ವಿಲ್ ಎಂಬ ಊರು ಸಿಗುತ್ತದೆ. 2023ರ ಜುಲೈ 4ರಂದು, ಅಂದರೆ ಇಲ್ಲಿನ ಸ್ವಾತಂತ್ರ್ಯ ದಿನದಂದೇ, ಲಾರಿಯೊಂದನ್ನು ರಾಜ್ಯ ಹೆದ್ದಾರಿ ಪೊಲೀಸರು ನಿಲ್ಲಿಸಹೋದರು. ಹಿಂಚಕ್ರದ ಬಳಿ ಕೆಸರು ಸಿಡಿಯದಂತೆ ನೇತುಹಾಕುವ ರಬ್ಬರ್ ಹಾಳೆ ಇಲ್ಲವೆಂಬುದು ಅದರ ತಪ್ಪು. ಚಾಲಕ ನಿಲ್ಲಿಸಲಿಲ್ಲ, ಬೆನ್ನಟ್ಟುವಿಕೆ ಮೈಲುಗಟ್ಟಲೆ ನಡೆದು ಸರ್ಕಲ್‌ವಿಲ್ ಬಳಿ ಮುಗಿಯಿತು. ಕೊನೆಗೆ ಆತ ಕೆಳಗಿಳಿದು ಎರಡೂ ಕೈ ಮೇಲೆತ್ತಿ ನಿಂತ. ಅವನ ಕೈಗಳು ಮೇಲಿವೆ, ನಾಯಿ ಬಿಡಬೇಡಿ ಎಂದು ಹೆದ್ದಾರಿ ಪೊಲೀಸ್ ಒಬ್ಬರು ಮತ್ತೆ ಮತ್ತೆ ಕೂಗಿದ್ದು ಪೊಲೀಸರ ಕ್ಯಾಮೆರಾದ ದೃಶ್ಯದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೂ ಊರಿನ ಪೊಲೀಸ್ ಅಧಿಕಾರಿ ನಾಯಿ ಬಿಟ್ಟರು, ಅದು ಕಚ್ಚಿತು. ಅದೇ ತಿಂಗಳಲ್ಲಿ ಆ ಅಧಿಕಾರಿಯನ್ನು ಕೆಲಸದಿಂದ ವಜಾ ಮಾಡಲಾಯಿತು.

ಪೊಲೀಸರು ಬಳಸುವ ಬಲ ಯುಕ್ತವೇ ಎಂದು ತೂಗಲು ಇಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಗ್ರಹಾಂ ಮೊಕದ್ದಮೆಯಲ್ಲಿ ಮೂರು ವಿಷಯಗಳನ್ನು ನೋಡಬೇಕೆಂದಿತು: ಅಪರಾಧ ಎಷ್ಟು ಗಂಭೀರ, ಆ ಕ್ಷಣಕ್ಕೆ ಯಾರಿಗಾದರೂ ಅಪಾಯವಿದೆಯೇ, ಆತ ಪ್ರತಿರೋಧಿಸುತ್ತಿದ್ದಾನೆಯೇ ಅಥವಾ ಓಡುತ್ತಿದ್ದಾನೆಯೇ. ರಬ್ಬರ್ ಹಾಳೆಯನ್ನು ಈ ತಕ್ಕಡಿಯಲ್ಲಿಟ್ಟರೆ ಮುಳ್ಳು ಅಲುಗುವುದೂ ಕಷ್ಟ. ನಿಲ್ಲದೆ ಓಡುವುದು ತಾನೇ ಒಂದು ಅಪರಾಧ, ಬೆನ್ನಟ್ಟುವಿಕೆಯಲ್ಲಿ ದಾರಿಹೋಕರು ಸಾಯಬಹುದು ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದೇ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವನು ನಾನು. ಆದರೆ ಲಾರಿ ನಿಂತು, ಕೈಗಳು ಮೇಲೆದ್ದ ಮೇಲೆ ಆ ಅಪಾಯ ಮುಗಿದಿರುತ್ತದೆ. ಜನ ಓಡುವುದಕ್ಕೆ ಕಾರಣಗಳೂ ಒಂದೆರಡಲ್ಲ: ಕದ್ದ ಕಾರು, ಸೀಟಿನಡಿಯ ಬಂದೂಕು, ಅಮಾನತಾದ ಲೈಸೆನ್ಸ್, ಹಳೆಯ ವಾರಂಟ್, ಅಥವಾ ಬರೀ ಭಯ. ಹಗ್ಗದ ತುದಿಯಲ್ಲಿರುವ ಪ್ರಾಣಿಗೆ ಇವೆಲ್ಲ ಒಂದೇ.

ಮೂಗಿನ ಬಳಕೆಯ ಮೇಲೆ ಇಲ್ಲಿನ ನ್ಯಾಯಾಲಯಗಳು ನಿಮಿಷಗಳ ಲೆಕ್ಕದಲ್ಲಿ ಕಡಿವಾಣ ಹಾಕಿವೆ. ನೆಬ್ರಾಸ್ಕಾದಲ್ಲಿ ಎಚ್ಚರಿಕೆಯ ಚೀಟಿ ಕೊಟ್ಟು ಮುಗಿದ ಮೇಲೆ, ನಾಯಿಯಿಂದ ಕಾರು ಮೂಸಿಸಲು ಏಳೆಂಟು ನಿಮಿಷ ಹೆಚ್ಚು ನಿಲ್ಲಿಸಿಕೊಂಡ ಪ್ರಕರಣದಲ್ಲಿ, ಸಕಾರಣ ಅನುಮಾನವಿಲ್ಲದೆ ಹಾಗೆ ತಡೆಹಿಡಿಯುವಂತಿಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಲ್ಲಿನ ಬಳಕೆಗೆ ಅಷ್ಟು ಖಚಿತವಾದ ಗೆರೆ ಇಲ್ಲ. ಬಹಳಷ್ಟು ಇಲಾಖೆಯ ನಿಯಮಕ್ಕೆ ಬಿಟ್ಟದ್ದು. ಹುಡುಕಿದವನ ಮುಂದೆ ನಿಂತು ಬೊಗಳುವಂತೆ ತರಬೇತಿ ಕೊಡುವ ಪದ್ಧತಿಯೂ ಇದೆ, ಕಚ್ಚಿ ಹಿಡಿದುಕೊಳ್ಳುವ ಪದ್ಧತಿಯೂ ಇದೆ. ಎರಡನೆಯದೇ ಇಲ್ಲಿ ಹೆಚ್ಚು ಬಳಕೆಯಲ್ಲಿದೆ. ಬೊಗಳುತ್ತ ನಿಂತ ನಾಯಿಯನ್ನು ಶಸ್ತ್ರಧಾರಿ ಗುಂಡಿಟ್ಟು ಕೊಲ್ಲಬಹುದೆಂಬುದು ಅದನ್ನು ಬಳಸುವವರ ವಾದ. ಶಸ್ತ್ರಧಾರಿಯ ವಿಷಯದಲ್ಲಿ ಒಪ್ಪುತ್ತೇನೆ. ಓಡುವ ಪ್ರತಿಯೊಬ್ಬನನ್ನೂ ಶಸ್ತ್ರಧಾರಿಯೆಂದು ಎಣಿಸುವುದನ್ನು ಒಪ್ಪಲಾರೆ.

ನನ್ನ ಈ ಹಟಕ್ಕೆ ಊರಿನ ಅಭ್ಯಾಸವೂ ಕಾರಣವಿರಬಹುದು. ಕರ್ನಾಟಕದಲ್ಲಿ ಶ್ವಾನದಳ ಎಂದರೆ ನಮಗೆ ನೆನಪಾಗುವುದು ಮೂಗು. 2020ರಲ್ಲಿ ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ ಕೊಲೆ ಪ್ರಕರಣವೊಂದರ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಆರೋಪಿಯ ಸುಳಿವು ಕೊಟ್ಟಾಗ ಇಡೀ ರಾಜ್ಯ ಮೆಚ್ಚಿಕೊಂಡಿತು. ಆ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಹೇಳಿದ್ದರು. ಅದರಲ್ಲಿ ಕಚ್ಚಿದ ಮಾತೇ ಇರಲಿಲ್ಲ, ಯಾರೂ ಅದನ್ನು ಕೊರತೆಯೆಂದು ಎಣಿಸಲೂ ಇಲ್ಲ.

ಆ ಆಗಸ್ಟ್ ರಾತ್ರಿ ಸುಮಾರು ಇಪ್ಪತ್ತು ನಿಮಿಷದ ನಂತರ ಜೋಳದೊಳಗಿಂದ ಎತ್ತರದ ದನಿಯಲ್ಲಿ ಎಚ್ಚರಿಕೆ ಕೇಳಿಸಿತು: ಪೊಲೀಸ್, ಹೊರಗೆ ಬಾ, ಇಲ್ಲವಾದರೆ ನಾಯಿ ಬಿಡುತ್ತೇವೆ, ಕಚ್ಚುತ್ತದೆ. ಎರಡನೆಯ ಸಲ ಕೂಗುವ ಮುನ್ನವೇ ಇನ್ನೊಂದು ದನಿ ಉತ್ತರ ಕೊಟ್ಟಿತು. ಹೊರಗೆ ಕರೆತಂದದ್ದು ಇಪ್ಪತ್ತು ದಾಟಿರದ ಹುಡುಗನನ್ನು. ಒಂದು ಕಾಲಲ್ಲಿ ಬೂಟಿರಲಿಲ್ಲ, ಕೆನ್ನೆ ಮತ್ತು ಮೊಣಕೈ ತುಂಬ ಜೋಳದ ಗರಿ ಗೀರಿದ ಕೆಂಪು ಗೆರೆಗಳಿದ್ದವು, ಬೇರೆ ಗಾಯವಿರಲಿಲ್ಲ. ನೋಡಿಕೊಳ್ಳುವಾತ ಜೇಬಿನಿಂದ ರಬ್ಬರ್ ಚೆಂಡು ತೆಗೆದು ಎಸೆದ. ನಾಯಿ ರಸ್ತೆಯ ನಡುವೆ ಅಡ್ಡಬಿದ್ದು ಅದನ್ನು ಅಗಿಯತೊಡಗಿತು. ಅದು ಎದ್ದು ಗಾಡಿ ಹತ್ತುವವರೆಗೂ ಟಾರ್ಚ್ ಹಿಡಿದ ಅಧಿಕಾರಿ ನಮ್ಮನ್ನು ಮುಂದಕ್ಕೆ ಬಿಡಲಿಲ್ಲ.